ಎರಡೇ ಸೀಟು

ಕಾರು ನಿಂತೊಡನೆ ಮೊದಲು ಇಳಿದವಳು ಅವಳೇ. ಬರಿಗಾಲು. ಕಾರಿನೊಳಗಿನ ಬಿಳಿ ಹಾಸು ಕೊಳೆಯಾಗಬಾರದೆಂದು ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡೇ ಅರ್ಧ ದೇಶ ದಾಟಿದ್ದಳು. ಬೆಟ್ಟದ ನೆತ್ತಿಯ ಕಂಬಿಯ ಬೇಲಿಗೆ ಓಡಿಹೋಗಿ ಕೆಳಗಿನ ಕಣಿವೆಯನ್ನೂ, ದೂರದಲ್ಲಿ ಆಕಾಶವೋ ಸಮುದ್ರವೋ ತಿಳಿಯದ ನೀಲಿ ಗೆರೆಯನ್ನೂ ನೋಡಿದಳು. ಗಂಡನನ್ನು ಕರೆಯಲು ತಿರುಗುವಷ್ಟರಲ್ಲಿ ಬೇರೆ ಯಾರೋ ಅವನನ್ನು ಕರೆದರು.

"ಏನಪ್ಪಾ, ಇಷ್ಟು ಬೇಗ ಬಂದ್ಬಿಟ್ಯಾ! ಓಡಿಸ್ಕೊಂಡು ಬಂದ್ಯೋ, ಹಾರಿಸ್ಕೊಂಡು ಬಂದ್ಯೋ?"

ಕಾಫಿ ಅಂಗಡಿಯ ಮುಂದೆ ಕಾಗದದ ಲೋಟ ಹಿಡಿದು ನಿಂತಿದ್ದವರು ಕಾರಿನ ಯಜಮಾನರು. ಕಾರಿನ ಡ್ರೈವರನಾದ ಅವಳ ಗಂಡ ಗಡಬಡಿಸಿ ಕೆಳಗಿಳಿದ. ಯಜಮಾನರು ಇಷ್ಟು ಹೊತ್ತಿಗೆ ವಿಮಾನದಲ್ಲಿ ಹೋಗಿ ಸಮುದ್ರದ ಪಕ್ಕದ ತಮ್ಮ ಹೊಸ ಮನೆ ಸೇರಿರಬೇಕಿತ್ತು. ಈ ಕೆಂಪು ಸ್ಪೋರ್ಟ್ಸ್ ಕಾರನ್ನು ಅಲ್ಲಿಗೆ ತಲುಪಿಸುವುದಷ್ಟೇ ಇವನ ಕೆಲಸ. ದಾರಿಯಲ್ಲಿ ಇನ್ನೊಬ್ಬರನ್ನು ಹತ್ತಿಸಿಕೊಂಡದ್ದು ಗೊತ್ತಾದರೆ ಕೆಲಸ ಬಿಟ್ಟು ಮನೆಗೆ ಹೋಗಬೇಕಾಗುತ್ತದೆಂದು ಕಂಪನಿಯವರು ಕೀಲಿಕೈ ಕೊಡುವಾಗಲೇ ಹೇಳಿದ್ದರು.

"ಟಿಕೆಟ್ ಬಿಟ್ಹಾಕ್ದೆ ಕಣಪ್ಪಾ. ಆ ಸಮುದ್ರದ ರಸ್ತೆ ಮಾತ್ರ ನಾನೇ ಓಡಿಸ್ಬೇಕು ಅಂತ ಚಿಕ್ಕ ಹುಡುಗರ ಥರ ಆಸೆ ಬಂತು. ಈ ದಾರೀಲಿ ಬರೋರೆಲ್ಲ ಇಲ್ಲೇ ನಿಲ್ಲೋದಲ್ವಾ, ನಮ್ಮ ಭಾವ ಇಲ್ಲಿಗೆ ತಂದು ಬಿಟ್ಟೋದ್ರು. ನಿಂಗೆ ಎಷ್ಟು ಸಲ ಫೋನ್ ಮಾಡ್ದೆ, ಈ ಬೆಟ್ಟದಲ್ಲಿ ಸಿಕ್ಕಿದ್ರೆ ತಾನೆ." ಅಷ್ಟರಲ್ಲಿ ಅವರ ಕಣ್ಣು ಅವಳ ಮೇಲೆ ಬಿತ್ತು. "ಇವರು?"

ಅವಳು ಆಗಲೇ ನಗುತ್ತ ಇತ್ತ ಬರುತ್ತಿದ್ದಳು, ಕೈ ಜೋಡಿಸಿಕೊಂಡು. ಅವರಿಗೆ ಥ್ಯಾಂಕ್ಸ್ ಹೇಳಬೇಕಿತ್ತು ಅವಳಿಗೆ. 'ಯಜಮಾನರನ್ನ ಕೇಳ್ದೆ, ಧಾರಾಳವಾಗಿ ಕರ್ಕೊಂಡು ಹೋಗು ಅಂದ್ರು' ಎಂದು ಗಂಡ ಹೇಳಿದ್ದನ್ನು ಅವಳು ನಂಬಿದ್ದಳು. ಅವನು ಯಾರನ್ನೂ ಕೇಳಿರಲಿಲ್ಲ.

"ಯಾರೋ... ಬಸ್ ತಪ್ಪಿಸ್ಕೊಂಡು ದಾರೀಲಿ ನಿಂತಿದ್ರು ಸಾರ್. ಹೆಂಗಸರು, ಪಾಪ, ಅಂತ ಹತ್ತಿಸ್ಕೊಂಡೆ."

ಅವಳ ಕಾಲುಗಳು ಇದ್ದಲ್ಲೇ ನಿಂತವು. ಮುಖದ ಮೇಲಿನ ನಗು ಮಾತ್ರ ಇಳಿಯಲು ಮರೆತು ಒಂದು ಗಳಿಗೆ ಅಲ್ಲೇ ಉಳಿಯಿತು. ಆಸ್ಪತ್ರೆಯ ಲಾಂಡ್ರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕುವವಳು; ಬೇಡಿ ಬೇಡಿ ರಜೆ ತಗೊಂಡು ಬಂದಿದ್ದಳು. ಅಜ್ಜಿಯ ಕಥೆಯಲ್ಲಿ ಹಾರುವ ಕುದುರೆ ಏರಿದ ರಾಜಕುಮಾರಿ ಸಮುದ್ರ ಸೇರುವವರೆಗೆ ಕಣ್ಣು ಬಿಡುವಂತಿರಲಿಲ್ಲ, ಬಿಟ್ಟರೆ ಕುದುರೆ ಮಾಯ. ದಾರಿಯುದ್ದಕ್ಕೂ ಅದನ್ನೇ ಹೇಳಿ ನಕ್ಕಿದ್ದಳು: "ನಾನಂತೂ ಕಣ್ಣು ಮುಚ್ಚಲ್ಲಪ್ಪ. ಮಾಯ ಆದ್ರೆ ಆಗ್ಲಿ."

"ಹೌದು ಸಾರ್," ಎಂದಳು ಈಗ, ಮೆಲ್ಲಗೆ. "ಇವರಿಂದ ದೊಡ್ಡ ಉಪಕಾರ ಆಯ್ತು."

ಯಜಮಾನರು ಪೇಚಾಡಿಕೊಂಡರು. "ಛೇ, ನೋಡಿ, ಇದಕ್ಕಿರೋದು ಎರಡೇ ಸೀಟು. ನಾನು ಬಂದು ನಿಮ್ಮ ಜಾಗ ಕಿತ್ಕೊಂಡ ಹಾಗಾಯ್ತಲ್ಲ ತಾಯಿ."

"ಅಯ್ಯೋ, ಇರಲಿ ಬಿಡಿ ಸಾರ್. ರೈಲ್ವೆ ಸ್ಟೇಷನ್‌ಗೆ ಹೋಗೋ ಬಸ್ಸು ಇಲ್ಲಿ ನಿಲ್ಲುತ್ತಂತೆ. ಬೋರ್ಡು ಹಾಕಿದ್ದಾರೆ."

ಸೀಟಿನ ಮೇಲೆ ಬಿಟ್ಟಿದ್ದ ಚಪ್ಪಲಿ ತೆಗೆದು ಮೆಟ್ಟಿಕೊಂಡು, ಡಿಕ್ಕಿ ತೆರೆದು ತನ್ನ ಚೀಲ ಎತ್ತಿಕೊಂಡಳು. ಅವನ ಅಂಗಿಗಳೂ ಟವೆಲ್ಲೂ ಅದರಲ್ಲೇ ಇದ್ದವು. ಖಾಲಿ ಡಿಕ್ಕಿ ನೋಡಿ ಯಜಮಾನರು, "ನಿನ್ನ ಲಗೇಜು ಎಲ್ಲಪ್ಪಾ?" ಎಂದರು.

"ನಂದೇನಿಲ್ಲ ಸಾರ್."

"ಒಳ್ಳೆ ಸನ್ಯಾಸಿ ಕಣಯ್ಯಾ ನೀನು!" ಯಜಮಾನರು ನಕ್ಕರು. ಆಮೇಲೆ ಕಣಿವೆಯತ್ತ ನೋಡುತ್ತ ಹೇಳಿದರು, "ಅಲ್ಲಾ, ಇಂಥಾ ದಾರೀಲಿ ಒಬ್ಬನೇ ಬಂದ್ಯಲ್ಲ. ಹೆಂಡ್ತೀನ ಕರ್ಕೊಂಡು ಬರೋದಲ್ವಾ? ಕಂಪನಿಯವರದ್ದು ಅವರಿಗಿರ್ಲಿ, ನಂಗೊಂದು ಮಾತು ಕೇಳಿದ್ರೆ ಬೇಡ ಅಂತಿದ್ನಾ? ಅವರು ಬಂದಿದ್ರೆ ಈಗ್ಲೂ ನೀವಿಬ್ಬರೂ ಕಾರಲ್ಲಿ ಹೋಗಿ ಅಂತ ನಾನೇ ಬಸ್ ಹತ್ತುತ್ತಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಅವಳು ಚೀಲವನ್ನು ನೆಲಕ್ಕಿಳಿಸಿ ಅವನ ಮುಖವನ್ನೇ ನೋಡಿದಳು. ಒಂದು ಮಾತು ಸಾಕಿತ್ತು. ಕೆಲಸ ಹೋಗುವ ಭಯವೂ ಈಗ ಇರಲಿಲ್ಲ. ಆದರೆ ಆ ಒಂದು ಮಾತಿಗೆ ಮುಂಚೆ 'ಆಗಲೇ ಹೇಳಿದ್ದು ಸುಳ್ಳು ಸಾರ್' ಎನ್ನಬೇಕಿತ್ತು, ಇಷ್ಟು ಒಳ್ಳೆಯವರ ಎದುರಿಗೆ. ಹೆಂಡತಿಯನ್ನು ಯಾರೋ ಎಂದವನನ್ನು ಅವರು ಯಾವ ಕಣ್ಣಿನಿಂದ ನೋಡಬಹುದು?

"ಅವಳಿಗೆ... ಕಾರು ಅಂದ್ರೆ ಆಗಲ್ಲ ಸಾರ್. ತಲೆ ಸುತ್ತುತ್ತೆ."

ಅವಳು ಚೀಲವನ್ನು ಮತ್ತೆ ಎತ್ತಿಕೊಂಡಳು.

ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನ ಕೈ ಚೀಲ ತೆಗೆದುಕೊಳ್ಳಲು ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿ ಯಜಮಾನರಿಗೆ, "ಬರ್ತೀನಿ ಸಾರ್" ಎಂದಳು. ಆಮೇಲೆ ಇವನ ಕಡೆ ನೋಡಿದಳು. ಕೋಪವಿರಲಿಲ್ಲ. ದಾರಿಯಲ್ಲಿ ಸಿಕ್ಕ ಒಬ್ಬ ಮರ್ಯಾದಸ್ಥ ಡ್ರೈವರನನ್ನು ಯಾವ ಹೆಂಗಸಾದರೂ ಹೇಗೆ ಮಾತಾಡಿಸುವಳೋ ಹಾಗೆ ಹೇಳಿದಳು:

"ನಿಮ್ಮ ಮನೆಯವರಿಗೆ ಹೇಳಿ ಅಣ್ಣಾ, ಈ ಕಾರಲ್ಲಿ ತಲೆ ಸುತ್ತಲ್ಲ ಅಂತ. ನಂಗೊಂದು ಚೂರೂ ಸುತ್ತಲಿಲ್ಲ."