ಮೂರೂಕಾಲಿನ ಕುಸಿತ

ಯಾರು ಬೇಕಾದರೂ ತೆರೆದು ತಿದ್ದಬಹುದಾದ ಒಂದು ಕಂಪ್ಯೂಟರ್ ವ್ಯವಸ್ಥೆಯ ಒಳತಿರುಳನ್ನು, ಅಂದರೆ ಕರ್ನಲ್ ಅನ್ನು, ಮಂದಾಕಿನಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದಳು. ಒಂದು ಸರ್ಕಾರಿ ಕಚೇರಿಯಿಂದ ಅವಳಿಗೆ ದೂರು ಬಂತು: ದಿನಾ ಮಧ್ಯಾಹ್ನ ಮೂರೂಕಾಲಿಗೆ ಕರ್ನಲ್ ಕುಸಿದು ಕಂಪ್ಯೂಟರ್ ನಿಂತುಹೋಗುತ್ತದೆ. ಹದಿನೆಂಟು ದಿನ ತಲೆ ಕೆಡಿಸಿಕೊಂಡರೂ ಕಾರಣ ಹೊಳೆಯದೆ, ಅವಳು ದೂರು ಬರೆದ ಗುಮಾಸ್ತರಿಗೆ ಫೋನ್ ಮಾಡಿದಳು.

"ಮೂರೂಕಾಲಿಗೆ ಏನು ಮಾಡ್ತಿರ್ತೀರಿ ಸರ್?"

"ನಾನೇನೂ ಮಾಡಲ್ಲಮ್ಮ. ಸಾಹೇಬ್ರು ಅವರದೊಂದು ಫೈಲ್ ತೆಗೀತಾರೆ. ತುಂಬಾ ದೊಡ್ಡ ಫೈಲು. ದೂರು ಬರಿ ಅಂದಿದ್ದೂ ಅವರೇ."

"ಆ ಫೈಲ್ ಕಳಿಸ್ತೀರಾ?"

"ಬೇಡಮ್ಮ. ನಿಮಗೆ ಸಂಬಳಾನೂ ಇಲ್ಲವಂತೆ. ಅವಸರ ಏನಿಲ್ಲ, ನಿಧಾನಕ್ಕೆ ನೋಡಿ."

ಅವರ ಸಂಕೋಚ ಕಂಡು ಮಂದಾಕಿನಿಯ ಹಟ ಇನ್ನೂ ಹೆಚ್ಚಿತು. ಫೈಲ್ ದೊಡ್ಡದೆಂಬ ಸುಳಿವು ಹಿಡಿದು ಹುಡುಕಿದಾಗ, ಒಮ್ಮೆ ಬಿಟ್ಟುಕೊಟ್ಟ ಮೆಮೊರಿಯನ್ನೇ ಕರ್ನಲ್ ಮತ್ತೆ ಬಿಟ್ಟುಕೊಡುತ್ತಿದ್ದ ತಪ್ಪು ಸಾಲು ಕೋಡಿನಲ್ಲಿ ಸಿಕ್ಕಿತು. ತಿದ್ದಿ ಕಳಿಸಿದಳು. ಮರುದಿನ ಮೂರೂಕಾಲು ದಾಟಿದರೂ ಕಂಪ್ಯೂಟರ್ ನಿಲ್ಲಲಿಲ್ಲವೆಂದು ತಿಳಿದಾಗ ಅವಳ ಕಣ್ಣು ತುಂಬಿ ಬಂತು.

ವಾರದ ನಂತರ ಅದೇ ಕಚೇರಿಯಿಂದ, ಹನ್ನೊಂದು ಜನರ ಸಹಿಯೊಂದಿಗೆ ಹೊಸ ದೂರು ಬಂತು: "ಸಾಹೇಬರು ನಮ್ಮನ್ನೆಲ್ಲ ಕೂರಿಸಿಕೊಂಡು ತಮ್ಮ ಮಹಾಕಾವ್ಯವನ್ನು ಈಗ ಪೂರ್ತಿ ಓದುತ್ತಿದ್ದಾರೆ, ದಯವಿಟ್ಟು ಮೊದಲಿನಂತೆಯೇ ಮಾಡಿಕೊಡಿ."