ಕರಿ ಹರಿದ ಎತ್ತು

ದೇಸಾಯರ ಬಿಳಿ ಎತ್ತು ಊರಬಾಗಿಲ ಅಗಸಿಯ ಮುಂದೆ ಬಂದು ಗಕ್ಕನೆ ನಿಂತುಬಿಟ್ಟಿತು. ಇನ್ನೊಂದು ಜಿಗಿತ ಜಿಗಿದಿದ್ದರೆ ಅಡ್ಡ ಕಟ್ಟಿದ ಬೇವಿನ ತೊಪ್ಪಲಿನ ಹಗ್ಗ, ಅಂದರೆ ಕರಿ, ಹರಿದು ಬೀಳುತ್ತಿತ್ತು. ಅಲ್ಲಿಗೆ ಕಾರಹುಣ್ಣಿಮೆ ಮುಗಿದು, ಊರವರು ಹೋಳಿಗೆ ಉಣ್ಣಲು ಮನೆ ಹಾದಿ ಹಿಡಿಯುತ್ತಿದ್ದರು. ಎತ್ತು ಮಾತ್ರ ಅಲ್ಲಾಡಲಿಲ್ಲ. ಟ್ರ್ಯಾಕ್ಟರು ಬಂದ ಮೇಲೆ ದೇಸಾಯರ ದೊಡ್ಡಮನೆಯಾದ ವಾಡೆಯಲ್ಲಿ ಅದಕ್ಕೆ ಕೆಲಸವೇ ಇರಲಿಲ್ಲ. ಈ ಒಂದು ಸಂಜೆಯ ಮಾನಕ್ಕಾಗಿ ವರ್ಷವಿಡೀ ಕಟ್ಟಿಹಾಕಿ ಮೇಯಿಸಿದ್ದರು. ಪಟಾಕಿ ಸದ್ದಿಗೆ ಅದರ ಕಾಲುಗಳು ನಡುಗುತ್ತಿದ್ದವು.

ಹೆಸರಿಗೆ ಓಟ, ಅಷ್ಟೇ. ಮೊದಲು ಕರಿ ಹರಿಯುವ ಮಾನ ದೇಸಾಯರ ಎತ್ತಿನದು. ಅದು ಹರಿಯುವ ತನಕ ಉಳಿದವರು ತಮ್ಮ ಎತ್ತುಗಳ ಹಗ್ಗ ಜಗ್ಗಿ ಹಿಡಿದು ನಿಲ್ಲಬೇಕು. ಯಾಕೆ ಎಂದು ಯಾರೂ ಕೇಳಿದವರಲ್ಲ. ಹಾಗೆ ಹಗ್ಗ ಹಿಡಿದು ನಿಂತವರಲ್ಲಿ ಒಬ್ಬನಾದ ರೈತ ಹೊಳೆಪ್ಪನಂತೂ ಕೇಳುವ ಹಾಗೇ ಇರಲಿಲ್ಲ. ಅವನು ಗೇಣಿ ಕೊಟ್ಟು ಲಾವಣಿಗೆ ಮಾಡುತ್ತಿದ್ದದ್ದು ದೇಸಾಯರ ಹೊಲ. ನಾಳೆಯೇ ಬಿತ್ತಿಗೆ. ದೇಸಾಯರು ಬೇಡ ಎಂದರೆ ಕೂರಿಗೆ ಹೂಡಲು ಅವನಿಗೆ ಗೇಣು ನೆಲವಿಲ್ಲ.

ಕುಬೇರಪ್ಪ ದೇಸಾಯಿ ಜರಿ ರುಮಾಲು ಸುತ್ತಿ ತಾನೇ ಎತ್ತಿನ ಹಗ್ಗ ಹಿಡಿದಿದ್ದ. ಗದರಿದ, ಬಾಲ ತಿರುವಿದ. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕದ್ದೇ ತಪ್ಪಾಯಿತು. ದೇಸಾಯಿ ಪಕ್ಕದವನ ಕೈಯಿಂದ ತುದಿಗೆ ಮೊಳೆ ಬಡಿದ ಕೋಲು ಕಸಿದುಕೊಂಡು ಎತ್ತಿನ ತೊಡೆಗೆ ಚುಚ್ಚಿದ. ಮತ್ತೆ ಚುಚ್ಚಿದ. ಬಿಳಿ ಮೈಮೇಲೆ ನೆತ್ತರು ಇಳಿಯಿತು. ಎತ್ತು ಮೊಣಕಾಲೂರಿ ಕುಸಿದರೂ ಅವನು ಬಿಡಲಿಲ್ಲ.

ಹೊಳೆಪ್ಪ ಹಿಂದೆ ತನ್ನ ಕೆಂದೆತ್ತನ್ನು ಹಿಡಿದು ನಿಂತಿದ್ದ. ಆ ಬಿಳಿಯದು, ಈ ಕೆಂದ ಎರಡೂ ಅವನ ಮನೆ ಆಕಳು ಈದ ಕರುಗಳು; ಚೆಲುವು ನೋಡಿ ಬಿಳಿಯದನ್ನು ದೇಸಾಯಿ ಕೊಂಡು ಒಯ್ದಿದ್ದ. ಹೊಳೆಪ್ಪನಿಗೆ ಹೊಲ ನೆನಪಾಯಿತು, ಹೆಂಡತಿ ಮಕ್ಕಳು ನೆನಪಾದರು. ಆದರೂ ಕೈ ಕೇಳಲಿಲ್ಲ. ಕೆಂದನ ಹಗ್ಗ ಬಿಟ್ಟು ಓಡಿಬಂದವನೇ ದೇಸಾಯಿಯ ಮಣಿಕಟ್ಟು ಹಿಡಿದುಬಿಟ್ಟ.

“ಸಾಕ್ರಿ ದೇಸಾಯರ. ಸಾಯತೈತಿ ಅದು.”

ಹಗ್ಗ ಸಡಿಲಾದ ಕೆಂದ ಸುಮ್ಮನಿದ್ದೀತೇ? ಇಬ್ಬರ ಬಾಜುವಿನಿಂದಲೇ ನುಗ್ಗಿ, ಕರಿ ಹರಿದು, ಕೋಡಿಗೆ ಬೇವಿನ ತೊಪ್ಪಲು ಸಿಕ್ಕಿಸಿಕೊಂಡು ತನ್ನ ಕೊಟ್ಟಿಗೆಯ ಕಡೆಗೆ ಓಡಿತು. ಹಲಗೆ ಬಾರಿಸುವವರ ಕೈ ನಿಂತಿತು. ಹತ್ತಾರು ಮೊಬೈಲುಗಳಲ್ಲಿ ಕೆಂದ ನುಗ್ಗಿದ್ದು ಸಿಕ್ಕಿತ್ತು. ದೇಸಾಯಿ ತಿರುಗಿ ನೋಡಿದ್ದೇ ತಡ, ಎಲ್ಲವೂ ಕಿಸೆ ಸೇರಿದವು.

ಯಾರ ಎತ್ತು ಹರಿಯಿತು ಎಂದು ಸಾರಿ ಹೇಳಬೇಕಾದವನು ಇಮಾಮುದ್ದೀನ. ಪ್ರತಿವರ್ಷ ಕರಿ ಕಟ್ಟುವವನೂ ಅವನೇ. ದೇಸಾಯಿ ಕೇಳಿದಾಗ ಅವನು ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ, ಧೂಳು ಬಿದ್ದು ಏನೂ ಕಾಣಲಿಲ್ಲ ಎಂದುಬಿಟ್ಟ. ದೇಸಾಯಿ ಹೊಳೆಪ್ಪನ ಕಡೆ ತಿರುಗಿದ. ಹಿಡಿಸಿಕೊಂಡ ಮಣಿಕಟ್ಟನ್ನು ಇನ್ನೂ ತಿಕ್ಕುತ್ತಿದ್ದ.

“ನೀನಽ ಹೇಳು. ನಾಳೆ ಬಿತ್ತೂದೈತಿ, ಲಕ್ಷ್ಯದಾಗ ಇಟ್ಟುಕೊಂಡು ಹೇಳು.”

ಹೊಳೆಪ್ಪ ನೆಲಕ್ಕೆ ಕುಸಿದ ಎತ್ತನ್ನು ನೋಡಿದ. ಅದು ಅವನ ಗುರುತು ಹಿಡಿದು ಕಿವಿ ಆಡಿಸಿತು.

“ಬಿಳಿ ಎತ್ತಽ ಹರದೈತ್ರಿ,” ಎಂದ. ಗುಂಪು ಉಸಿರು ಬಿಟ್ಟಿತು. ಅವನು ಮಾತು ಮುಗಿಸಿರಲಿಲ್ಲ. “ಮಾನ ನಿಮ್ಮದಽ ಇರಲಿ. ಎತ್ತು ನನಗ ಕೊಡ್ರಿ.”

ದೇಸಾಯಿಯ ಮುಖ ಕಪ್ಪಿಟ್ಟಿತು. ಎಲ್ಲರೆದುರು ಕೈ ಹಿಡಿದವನು ಈಗ ಎಲ್ಲರೆದುರೇ ವ್ಯಾಪಾರಕ್ಕೆ ನಿಂತಿದ್ದ.

“ಹೊಲಾನೂ ಬೇಕು, ಎತ್ತೂ ಬೇಕೇನಲೇ? ಎರಡರಾಗ ಒಂದು ತಗೋ.”

ಆಚೆ ಮುಗಿಲು ಕಟ್ಟಿ ಮಣ್ಣಿನ ವಾಸನೆ ಬರುತ್ತಿತ್ತು. ಎಂಥ ಹದದ ಮಳೆ ಎಂದು ಬೆಳಿಗ್ಗೆಯಷ್ಟೇ ಹೊಳೆಪ್ಪ ಹಿಗ್ಗಿದ್ದ. ಈಗ ಅವನು ಹೆಗಲ ಮೇಲಿನ ವಲ್ಲಿಬಟ್ಟೆ ತೆಗೆದು ಎತ್ತಿನ ತೊಡೆಗೆ ಕಟ್ಟಿದ. ಅದರ ಕಿವಿಯ ಹತ್ತಿರ ಬಾಗಿ ಏನೋ ಅಂದ. ಆಗಿನಿಂದ ಅಷ್ಟು ಹೊಡೆತಕ್ಕೂ ಏಳದ ಎತ್ತು ಎದ್ದು ನಿಂತಿತು.

“ಒಯ್ಯಿ, ಒಯ್ಯಿ. ನನ್ನ ಕಣ್ಣ ಮುಂದ ನಿಂದರಸಬ್ಯಾಡ ಅದನ್ನ,” ಎಂದು ದೇಸಾಯಿ ಹಗ್ಗ ಬಿಸಾಕಿದ. ಹಲಗೆಯವರಿಗೆ ಕಣ್ಸನ್ನೆ ಮಾಡಿದ. ಸದ್ದು ಶುರುವಾಯಿತು, ಗುಲಾಲು ಹಾರಿತು, ಮೆರವಣಿಗೆ ವಾಡೆಯತ್ತ ಹೊರಟಿತು. ಕರಿ ಹರಿದ ಎತ್ತನ್ನು ಹೀಗೆ ವಾಡೆಯ ಬಾಗಿಲಿಗೆ ಕರೆತಂದು, ಗೊರಸಿಗೆ ನೀರು ಹಾಕಿ ಆರತಿ ಬೆಳಗುವುದು ಪದ್ಧತಿ. ಸಿಟ್ಟಿನ ಭರದಲ್ಲಿ ದೇಸಾಯಿ ಅದನ್ನು ಮರೆತೇಬಿಟ್ಟಿದ್ದ. ಇಮಾಮುದ್ದೀನನಿಗೆ ನೆನಪಿತ್ತು. ಆದರೆ ಅವನ ಕಣ್ಣಲ್ಲಿ ಇನ್ನೂ ಧೂಳಿತ್ತಲ್ಲ!

ಬಾಗಿಲಲ್ಲಿ ದೇಸಾಯಿಯ ತಾಯಿ ಅನ್ನವ್ವ ಆರತಿ ತಟ್ಟೆ, ನೀರಿನ ತಂಬಿಗೆ ಹಿಡಿದು ಕಾದಿದ್ದಳು. ವಯಸ್ಸಾದರೂ ಕಣ್ಣು ಚುರುಕು. ರುಮಾಲು ಸುತ್ತಿದ ಮಗನನ್ನು ನೋಡಿದಳು, ಅವನ ಹಿಂದೆ ನೋಡಿದಳು, ಜನರ ಸಂದಿಯಲ್ಲಿ ಮತ್ತೊಮ್ಮೆ ನೋಡಿದಳು.

“ಕುಬೇರಾ, ಎತ್ತೆಲ್ಲೋ?”

ಹಲಗೆ ಒಂದೊಂದಾಗಿ ನಿಂತವು. ಹೊಳೆಪ್ಪನಿಗೆ ಕೊಟ್ಟೆ ಎಂದು ದೇಸಾಯಿ ಗೊಣಗಿದ. ಹರಿದದ್ದು ಯಾರ ಎತ್ತು ಎಂದು ಅವಳು ಕೇಳಲಿಲ್ಲ. ಮಗನ ಅಂಗಿಯ ತೋಳಿಗೆ ಸಿಡಿದ ನೆತ್ತರನ್ನು ಒಂದು ಗಳಿಗೆ ನೋಡಿ, ತಂಬಿಗೆಯ ನೀರನ್ನು ಅವನ ಪಾದದ ಮೇಲೆ ಸುರಿದಳು.

“ಹಂಗಾರ ಎತ್ತಿನ ಜಾಗಾದಾಗ ನೀನಽ ನಿಂದ್ರು.”