ಒಲ್ಲದ ನಿಶ್ಚಿತಾರ್ಥ

ರುದ್ರಮೂರ್ತಿ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದವರೇ ಮೆಕ್ಯಾನಿಕ್‌ನ ಮೇಲೆ ಹರಿಹಾಯ್ದರು.

"ಏನಯ್ಯಾ ಅನ್ವರ್, ನಿನ್ನೆ ತಾನೆ ಎಂಜಿನ್‌ಗೆ ಹೊಸ ಸ್ಪಾರ್ಕ್ ಪ್ಲಗ್ ಹಾಕಿಸ್ಕೊಂಡು ಹೋದೆ. ಇವತ್ತು ಎಂಜಿನ್ ಟಕಟಕ ಅಂತ ಬಡ್ಕೊಳ್ತಿದೆ, ಎಂಜಿನ್ ಲೈಟ್ ಬೇರೆ ಉರೀತಿದೆ! ಹತ್ತೂವರೆಗೆ ಮಗಳ ನಿಶ್ಚಿತಾರ್ಥ. ಗಂಡಿನ ಕಡೆಯವರೆಲ್ಲ ಛತ್ರದಲ್ಲಿ ಕಾಯ್ತಿದ್ದಾರೆ. ಒಲ್ಲೆ ಅಂತ ಹಟ ಹಿಡಿದಿದ್ದವಳನ್ನ ಬೈದು ಕೂರಿಸ್ಕೊಂಡು ಬಂದಿದ್ದೀನಿ. ಈಗ ನೀನು ನನ್ನ ಮಾನ ಕಳೀತಿದ್ದೀಯ!"

ಅನ್ವರ್ ಬಾನೆಟ್ ಎತ್ತಿ ಒಂದೊಂದೇ ಪ್ಲಗ್ ಬಿಚ್ಚಿ ನೋಡಿದ. ಅವನ ಮುಖವೂ ಕೆಂಪಾಯಿತು.

"ಸುಮ್ನೆ ಬೈಬೇಡಿ ಸಾರ್. ನಾನು ಬಿಚ್ಚಿ ನಿಮ್ಮ ಡಿಕ್ಕಿಯಲ್ಲಿಟ್ಟಿದ್ದ ಹಳೇ ಪ್ಲಗ್ ಇವು. ಒಂದನ್ನ ಸರಿಯಾಗಿ ಬಿಗಿ ಕೂಡ ಮಾಡಿಲ್ಲ. ಯಾರೋ ವಾಪಸ್ ಹಾಕಿದ್ದಾರೆ."

"ಸುಳ್ಳು! ಹೊಸದು ಹಾಕದೆ ಮೋಸ ಮಾಡಿ, ಈಗ ಕತೆ ಕಟ್ತೀಯಾ? ಪೊಲೀಸಿಗೆ ಕೊಡ್ತೀನಿ ನಿನ್ನ!"

ರುದ್ರಮೂರ್ತಿ ಅವನ ಕೊರಳಪಟ್ಟಿಗೆ ಕೈ ಹಾಕಿದರು. ಅನ್ವರ್ ಕೊಸರಿಕೊಂಡ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡತೊಡಗಿದರು.

ಹಿಂದಿನ ಸೀಟಿನಿಂದ ರೇಷ್ಮೆ ಸೀರೆಯುಟ್ಟ ಮಗಳು ಶಶಿರೇಖಾ ಇಳಿದು ಬಂದಳು.

"ಅವರನ್ನ ಬಿಡಿ ಅಪ್ಪಾ."

ಕೈಚೀಲ ತೆರೆದು, ನಾಲ್ಕು ಹೊಸ ಪ್ಲಗ್‌ಗಳನ್ನು ಅಪ್ಪನ ಅಂಗೈಗೆ ಸುರಿದಳು.